ಗನಿಸಾಬರ ಎಡಗೈ

"ಅಮ್ಮಾರೆ, ನಾಳೆ ಬೆಳಗ್ಗೆ ನನ್ ಮಗನ್ನ ಶಿವಮೊಗ್ಗಕ್ಕೆ ಕಳಿಸ್ತಾರಂತೆ. ಅಲ್ಲಿಗೆ ಹೋದೋನು ನೇಣಿಗೇ ಹೋಗೋದು ಅಂತ ಬಜಾರಾಗೆಲ್ಲ ಅಂತಾರೆ. ನೀವೊಂದು ಮಾತು ಹೇಳ್ರಿ."

ರಹಮತ್‌ಬೀ ಹೊಸ್ತಿಲಿನ ಆಚೆಯೇ ನಿಂತು ಇಷ್ಟು ಹೇಳಿದರು. ಅಳಲಿಲ್ಲ. ಎರಡು ದಿನ ಅತ್ತು ಮುಗಿಸಿದವರ ಮುಖ ಅದು. ಅಕ್ಕಿ ಆರಿಸುತ್ತಿದ್ದ ಚಿಕ್ಕಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಒಳಗೆ ಬಾ ರಹಮತ್‌ಬೀ. ಏನಂತ ಹೇಳ್ಲಿ?"

"ಗನಿ ಉಸ್ತಾದ್ರನ್ನ ನಮ್ಮ ಚಾಂದ್ ಕೊಂದಿಲ್ಲ ಅಂತ."

"ಹಂಗಂದ್ರೆ ಇನ್ಸ್‌ಪೆಕ್ಟರು ಬಿಡ್ತಾರಾ? ಕೊಂದೋರು ಯಾರು ಅಂತ ಕೇಳ್ತಾರೆ."

"ಅದನ್ನೂ ನೀವೇ ಹೇಳ್ರಿ" ಎಂದರು ರಹಮತ್‌ಬೀ, ಅಂಗಡಿಯಲ್ಲಿ ಉಪ್ಪಿನ ಜೊತೆ ಬೆಲ್ಲವನ್ನೂ ಕಟ್ಟಿಕೊಡಿ ಎನ್ನುವ ಹಾಗೆ.

ಬೇರೆ ದಿನವಾಗಿದ್ದರೆ ನಾನು ಇದಕ್ಕೆ ನಗುತ್ತಿದ್ದೆ. ಚನ್ನಗಿರಿಯ ಹೆಣ್ಣುಮಕ್ಕಳ ಶಾಲೆಯ ಹೆಡ್ಮಿಸ್ಟ್ರೆಸ್ ಅನ್ನಪೂರ್ಣಮ್ಮನವರು, ಅಂದರೆ ನನ್ನ ಚಿಕ್ಕಮ್ಮ, ಸಾಸ್ವೆಹಳ್ಳಿಯ ಬಣವೆಗೆ ಬೆಂಕಿ ಇಟ್ಟವನನ್ನು ಬೂದಿಯ ಬಣ್ಣದಿಂದ ಹಿಡಿದುಕೊಟ್ಟ ಮೇಲೆ ಊರಿನವರಿಗೆ ಅವರ ಮೇಲೆ ಇಂಥ ನಂಬಿಕೆ ಬಂದಿತ್ತು. ನಾನು ಮಲ್ಲಿಕಾರ್ಜುನ, ಮೈಸೂರಿನಲ್ಲಿ ಬಿ.ಎ. ಮಾಡಿ ಬಂದು ಇಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾದವನು. ನನ್ನ ನಿಜವಾದ ವಿದ್ಯೆ ಮಾತ್ರ ನಕಲು ಮಾಡುವುದು. ಅಮಲ್ದಾರರ ಸೀನು, ಕೋಮಟಿ ಅಂಗಡಿಯ ತಕ್ಕಡಿ, ಇದ್ದಿಲ ಗ್ಯಾಸಿನ ಬಸ್ಸು ದಿಬ್ಬ ಹತ್ತುವ ಕೆಮ್ಮು, ಯಾವುದನ್ನಾದರೂ ಒಮ್ಮೆ ಕೇಳಿದರೆ ಸಾಕು, ಬಾಯಲ್ಲಿ ತೆಗೆಯುತ್ತಿದ್ದೆ. ಪಕ್ಕದ ಮನೆಯ ಗನಿಸಾಬರು ಹೇಳುತ್ತಿದ್ದರು: "ಬಿ.ಎ. ಅಂದ್ರೆ ಏನ್ರೀ ಮೇಷ್ಟ್ರೇ? ಬರೀ ಆಟ!"

ಆ ಗನಿಸಾಬರು ಸತ್ತು ಎರಡು ದಿನವಾಗಿತ್ತು. ಎರಡು ದಿನದಿಂದ ನನ್ನ ಬಾಯಿಂದ ಒಂದು ನಕಲೂ ಹೊರಟಿರಲಿಲ್ಲ. ದುಃಖ ಎನ್ನುವಂತೆಯೂ ಇರಲಿಲ್ಲ ಅದು. ತುಂಬಾ ಹೊತ್ತು ಮಡಚಿ ಕೂತ ಕಾಲು ಇರುತ್ತದಲ್ಲ, ನನ್ನದೇ, ಆದರೆ ನನ್ನದಲ್ಲ, ಹಾಗೆ.

"ಮಲ್ಲಿ, ಅವತ್ತು ಮಧ್ಯಾಹ್ನ ನೀನು ಮನೇಲಿದ್ದೆ. ಮೊದಲಿಂದ ಹೇಳು" ಎಂದರು ಚಿಕ್ಕಮ್ಮ. "ನಿಂಗೆ ಮುಖ್ಯ ಅನ್ಸಿದ್ದಷ್ಟೇ ಬ್ಯಾಡ. ಎಲ್ಲಾ ಹೇಳು."

ಹೇಳಿದೆ.

ಗನಿಸಾಬರು ಒಂಟಿ. ಜಗಳೂರಿನಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿ ಮುರಿದುಬಿದ್ದಾಗ ಒಂದು ಜೊತೆ ತಬಲಾ ಹೊತ್ತುಕೊಂಡು ನಮ್ಮೂರಿಗೆ ಬಂದು ನೆಲೆಸಿದವರು. ಅವರ ನುಡಿಸುವ ಕೋಣೆಗೂ ನಮ್ಮ ಹಿತ್ತಿಲಿಗೂ ನಡುವೆ ಇರುವುದು ಒಂದು ಮಣ್ಣಿನ ಗೋಡೆ. ಮಧ್ಯಾಹ್ನದ ಹೊತ್ತು ಅವರು ಆ ಕಡೆ ನುಡಿಸುವುದು, ನಾನು ಈ ಕಡೆ ಕೂತು ಕೇಳುವುದು, ಮುಗಿದ ಕೂಡಲೇ ಅವರದೇ ಗೊಗ್ಗರು ದನಿಯಲ್ಲಿ ನಾನು "ವಾಹ್ ಉಸ್ತಾದ್!" ಎಂದು ಕೂಗುವುದು, ಅವರು ಆ ಕಡೆಯಿಂದ "ಅಸಲಿ ಇರೋವಾಗ ನಕಲಿ ಯಾಕ್ರೀ?" ಎನ್ನುವುದು, ಇದು ವರ್ಷಗಳಿಂದ ನಡೆದುಬಂದ ವ್ಯವಹಾರ.

ಅಂದು ಶನಿವಾರ. ನನಗೆ ಬೆಳಗಿನ ಶಾಲೆ ಮುಗಿದಿತ್ತು. ಊಟ ಮಾಡಿ ಹಿತ್ತಿಲಲ್ಲಿ ಕೂತು ಪೇಪರಿಗೆ ಕಾಯುತ್ತಿದ್ದೆ. ಯುದ್ಧದ ಕಾಲ, ಪೇಪರು ಬರುವುದು ದಾವಣಗೆರೆ ಕಡೆಯ ಬಸ್ಸಿನಲ್ಲಿ, ಆ ಕಡೆಯಿಂದ ದಿನಕ್ಕೆ ಅದೊಂದೇ ಬಸ್ಸು. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿತ್ತಾದ್ದರಿಂದ ನಾನು ಅದಕ್ಕೆ 'ಇದ್ದಲ್ಲೇ ಬಸ್ಸು' ಎಂದು ಹೆಸರಿಟ್ಟಿದ್ದೆ. ಗೋಡೆಯ ಆಚೆ ತಬಲಾ ಶುರುವಾಯಿತು. ಒಂದಷ್ಟು ಹೊತ್ತು ನಡೆದು ಜೋರಾಗಿ ಮುಗಿಯಿತು. ನಾನು ಎಂದಿನಂತೆ "ವಾಹ್ ಉಸ್ತಾದ್!" ಎಂದು ಕೂಗಿದೆ. ಉತ್ತರ ಬರಲಿಲ್ಲ. ನಮಾಜಿಗೆ ಎದ್ದಿರಬೇಕು ಎಂದುಕೊಂಡೆ.

ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತಾಗಿರಬೇಕು, ಆ ಕಡೆಯಿಂದ ಚಾಂದ್ ಕಿರುಚಿದ. ಪಕ್ಕದ ಬೇಲಿ ಹಾರಿ ಕೋಣೆಗೆ ಓಡಿದೆ. ಗನಿಸಾಬರು ತಬಲದ ಮುಂದೆ ಪಕ್ಕಕ್ಕೆ ಒರಗಿ ಬಿದ್ದಿದ್ದರು. ಕಿವಿಯ ಮೇಲೆ ಗಾಯ. ತಬಲಾ ಶ್ರುತಿ ಮಾಡುವ ಪುಟ್ಟ ಸುತ್ತಿಗೆ ಚಾಂದ್‌ನ ಕೈಯಲ್ಲಿತ್ತು. ಅವನು ಅವರ ಶಿಷ್ಯ, ಬೀಡಿ ಕಟ್ಟಿ ಜೀವನ ಮಾಡುವವನು. "ಇಲ್ಲೇ ಬಿದ್ದಿತ್ತು, ಎತ್ತಿಕೊಂಡೆ, ಇಲ್ಲೇ ಬಿದ್ದಿತ್ತು" ಎಂದು ಅದೊಂದನ್ನೇ ಹೇಳುತ್ತಿದ್ದ. ಹಿಂದಿನ ದಿನವಷ್ಟೇ ಅವನಿಗೂ ಉಸ್ತಾದರಿಗೂ ಬೀದಿಗೆ ಕೇಳುವ ಹಾಗೆ ಜಗಳವಾಗಿತ್ತು: ಅವನಿಗೆ ಹುಬ್ಬಳ್ಳಿಯ ನಾಟಕ ಕಂಪನಿಗೆ ಸೇರುವ ಆಸೆ, ಅವರಿಗೆ ಇಷ್ಟವಿಲ್ಲ.

ಎದುರಿನ ಹೋಟೆಲಿನಲ್ಲಿದ್ದ ಜನ ಓಡಿಬಂದರು. ಎಲ್ಲರಿಗಿಂತ ಮೊದಲು ಬಂದವರು ಅಡಿಕೆ ಮಂಡಿಯ ವಿರೂಪಾಕ್ಷಪ್ಪನವರು. ಗನಿಸಾಬರಿಗೆ ಮನೆ ಕೊಡಿಸಿದವರು ಅವರೇ. ಭಜನೆ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದವರು ಎರಡು ವರ್ಷದಿಂದ ಗನಿಸಾಬರಲ್ಲಿ ತಬಲಾ ಕಲಿಯುತ್ತಿದ್ದರು. "ತ್ಯಾವಣಿಗೆಯಿಂದ ಈಗ ತಾನೇ ಬಸ್ಸಿಳಿದು ಕಾಪಿ ಕುಡೀತಿದ್ದೆ ಕಣ್ರೀ ಮೇಷ್ಟ್ರೇ, ಕೂಗು ಕೇಳ್ತು. ಇದೇನ್ರೀ ಇದು!" ಎಂದು ನನ್ನ ಭುಜವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಅವರ ಪಚ್ಚೆಯ ಉಂಗುರ ಮೂಳೆಗೆ ಒತ್ತಿದ್ದು ನನಗೆ ಗೊತ್ತಾಗಲಿಲ್ಲ. ರಾತ್ರಿ ಅಂಗಿ ಬಿಚ್ಚಿದಾಗ ಭುಜದ ಮೇಲೆ ಒಂದು ಗುರುತು ಇತ್ತು.

ಗನಿಸಾಬರ ಅಣ್ಣನ ಮಗ, ದರ್ಜಿ ಶೌಕತ್ ಅಲಿ, ಮಸೀದಿ ಕಡೆಯಿಂದ ಬಂದ. ಅವನು ಹಾರ್ಮೋನಿಯಂ ನುಡಿಸುವವನು. ಚಿಕ್ಕಪ್ಪನ ತಬಲಾ ಜೋಡಿಯ ಮೇಲೆ ಕಣ್ಣಿಟ್ಟಿದ್ದಾನೆ ಎಂಬ ಮಾತೂ ಇತ್ತು. ಕೊನೆಗೆ ಇನ್ಸ್‌ಪೆಕ್ಟರ್ ಕಲ್ಲೇಶಪ್ಪನವರು ಬಂದರು. "ತಬಲಾ ನಿಂತಾಗ ಜೀವಂತ ಇದ್ರು. ಆಮೇಲೆ ಒಳಗೆ ಹೋದೋನು ಇವನೊಬ್ಬನೇ. ಸುತ್ತಿಗೆ ಇವನ ಕೈಲೈತೆ. ಇನ್ನೇನು ಬೇಕು?" ಎಂದರು. ಚಾಂದ್‌ನನ್ನು ಠಾಣೆಗೆ ಕರೆದುಕೊಂಡು ಹೋಗುವಾಗ ಎದುರಿನಿಂದ ಬಸ್ಸು ಕೆಮ್ಮುತ್ತಾ ಬಂದು ನಿಂತಿತು. ಪೇಪರಿನ ಕಟ್ಟನ್ನು ನನ್ನ ಕೈಗೆ ಎಸೆದರು. ನಾನು ಅದನ್ನು ಇವತ್ತಿಗೂ ಬಿಚ್ಚಿಲ್ಲ.

ಚಿಕ್ಕಮ್ಮ ಎಲ್ಲವನ್ನೂ ಕೇಳಿ, "ಅವತ್ತು ಕೇಳಿದ ತಬಲಾನ ಬಾಯಲ್ಲಿ ತೆಗೀತೀಯಾ?" ಎಂದರು.

"ಬೇಡ ಚಿಕ್ಕಮ್ಮ."

"ನಗಿಸಾಕೆ ಹೇಳ್ತಿಲ್ಲಪ್ಪ. ರಹಮತ್‌ಬೀ ಮುಖ ನೋಡ್ಕೊಂಡು ತೆಗಿ."

ಕಣ್ಣು ಮುಚ್ಚಿದೆ. ಬಾಯಿ ತಾನಾಗಿ ಹೊರಟಿತು. ತಾಳ ನನಗೆ ಅರ್ಥವಾಗುವುದಿಲ್ಲ, ಆದರೆ ಕೇಳಿದ್ದು ಕೇಳಿದ ಹಾಗೇ ಉಳಿದಿರುತ್ತದೆ. "ಧಿನ್ ನಾ ಧಿನ್ ನಾ ತಿನ್ ತಿನ್ ನಾ, ಧಿನ್ ನಾ ಧಿನ್ ನಾ ತಿನ್ ತಿನ್ ನಾ..." ಹೀಗೆ ಹೋಗಿ ಹೋಗಿ ಕೊನೆಗೆ: "ಧಿನ್ ನಾ... ತಿರಕಿಟ ಧಿನ್, ತಿರಕಿಟ ಧಿನ್, ತಿರಕಿಟ ಧಿನ್!"

"ಧಿನ್ ಅನ್ನುವಾಗ ನಾಲಿಗೇಲಿ ಅದೇನೋ 'ಟಿಕ್' ಅಂತೀಯಲ್ಲ, ಅದೇನು?"

ನಾನು ಗಮನಿಸಿರಲೇ ಇಲ್ಲ. ಮತ್ತೊಮ್ಮೆ ಅಂದು ನೋಡಿದೆ. ಹೌದು, ಪ್ರತಿ 'ಧಿನ್' ಬೆನ್ನಿಗೂ ಸಣ್ಣದೊಂದು 'ಟಿಕ್' ಇತ್ತು. "ಹಂಗೇ ಕೇಳಿಸ್ತು" ಎಂದೆ.

ಚಿಕ್ಕಮ್ಮ ಎದ್ದು ಸೆರಗು ಸರಿಮಾಡಿಕೊಂಡರು. "ರಹಮತ್‌ಬೀ, ನಡಿ, ನಿನ್ನ ಮಗನ ಹತ್ರ ಪಾಠ ಹೇಳಿಸ್ಕೊಳ್ಳೋಣ."

ಇನ್ಸ್‌ಪೆಕ್ಟರ್ ಕಲ್ಲೇಶಪ್ಪನವರ ಮಗಳು ಚಿಕ್ಕಮ್ಮನ ಶಾಲೆಯಲ್ಲಿ ಓದುತ್ತಿದ್ದಳು. ಹಾಗಾಗಿ ಠಾಣೆಯ ಬಾಗಿಲು ಸುಲಭವಾಗಿ ತೆರೆಯಿತು. ಚಾಂದ್ ಲಾಕಪ್ಪಿನ ಮೂಲೆಯಲ್ಲಿ ಕೂತಿದ್ದ. ತಾಯಿಯನ್ನು ಕಂಡರೂ ಏಳಲಿಲ್ಲ.

"ಚಾಂದ್, ಏಳು ಮಾತ್ರೆ ತಾಳ ಯಾವುದಪ್ಪ?" ಎಂದರು ಚಿಕ್ಕಮ್ಮ.

ಅವನು ತಲೆ ಎತ್ತಿದ. ಈ ಪ್ರಶ್ನೆಯನ್ನು ಅವನಿಗೆ ಪೊಲೀಸರು ಯಾರೂ ಕೇಳಿರಲಿಲ್ಲ. "ರೂಪಕ್, ಅಮ್ಮಾ."

"ನಂಗೆ ಕಲಿಸು. ಏನೂ ಗೊತ್ತಿಲ್ಲದೋಳು ಅಂತ ತಿಳ್ಕೊಂಡು ಕಲಿಸು."

ಚಾಂದ್ ಸರಳುಗಳ ಹತ್ತಿರ ಬಂದ. "ತಾಳ ಅಂದ್ರೆ ಚಕ್ರ, ಅಮ್ಮಾ. ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬರ್ತೈತೆ. ಹೊರಡೋ ಜಾಗಾನ ಸಮ್ ಅಂತೀವಿ. ಅದೇ ಒಂದು. ಎಷ್ಟೇ ದೂರ ಹೋಗಿ ಆಟ ಆಡಿದ್ರೂ ಒಂದಕ್ಕೆ ಬಂದು ಬೀಳಬೇಕು. ಬೇರೆ ತಾಳದಾಗೆ ಒಂದಕ್ಕೆ ಚಪ್ಪಾಳೆ ಬೀಳ್ತೈತೆ, ಎಡಗೈ ಗುಂ ಅಂತೈತೆ. ಮಧ್ಯದಾಗೆ ಎಲ್ಲೋ ಒಂದು ಕಡೆ ಎಡಗೈ ಸುಮ್ನಾಗ್ತೈತೆ, ಅದು ಖಾಲಿ. ಅಲ್ಲಿ ಚಪ್ಪಾಳೆ ಇಲ್ಲ, ಕೈ ಬೀಸಬೇಕು." ಅವನು ಗಾಳಿಯಲ್ಲಿ ಅಂಗೈ ಬೀಸಿ ತೋರಿಸಿದ. "ರೂಪಕ್ ಮಾತ್ರ ಉಲ್ಟಾ. ಅದರಾಗೆ ಒಂದೇ ಖಾಲಿ."

"ಅಂದ್ರೆ ಶುರುವಾಗೋ ಜಾಗಾನೇ ಖಾಲಿ?"

"ಹೌದಮ್ಮಾ. ತಿನ್ ತಿನ್ ನಾ, ಧಿನ್ ನಾ, ಧಿನ್ ನಾ. ಮೊದಲ ಮೂರಕ್ಕೆ ಎಡಗೈ ಇಲ್ಲ. ನಾಲ್ಕಕ್ಕೆ ಬರ್ತೈತೆ. ಹೊಸಬರಿಗೆ ಆ ನಾಲ್ಕೇ ಒಂದು ಅನ್ಸ್ತೈತೆ, ಯಾಕಂದ್ರೆ ಅಲ್ಲಿ ಸದ್ದು ಜಾಸ್ತಿ."

ಇದನ್ನು ಕೇಳಿ ನನಗೆ ಹೋದ ತಿಂಗಳ ಬೈಠಕ್ಕು ನೆನಪಾಯಿತು. ಗನಿಸಾಬರು ರೂಪಕ್ ನುಡಿಸುತ್ತಿದ್ದರು. ನಾನು, ಪೋಸ್ಟ್‌ಮಾಸ್ಟರು, ವಿರೂಪಾಕ್ಷಪ್ಪನವರು, ಎಲ್ಲ ಒಟ್ಟಿಗೆ ತೊಡೆ ತಟ್ಟಿ "ಆಹಾ" ಎಂದದ್ದು ಆ ಸದ್ದಿನ ಜಾಗಕ್ಕೇ. ಗನಿಸಾಬರು ಹೊಟ್ಟೆ ಹಿಡಿದು ನಕ್ಕಿದ್ದರು: "ಎಲ್ಲಾರೂ ಬಾಗಿಲು ಬಿಟ್ಟು ಕಿಟಕೀಲಿ ಒಳಗೆ ಬಂದ್ರಿ!" ಶೌಕತ್, ಚಾಂದ್ ಇಬ್ಬರೇ ಸುಮ್ಮನೆ ಗಾಳಿಯಲ್ಲಿ ಕೈ ಬೀಸಿದವರು.

"ಸಮ್‌ಗೆ ಬಂದಾಗ ಉಸ್ತಾದರು ಏನು ಮಾಡ್ತಿದ್ರು?"

"ಕೆಲವರು ಮುಗಿಸುವಾಗ ಅಲ್ಲೂ ಎಡಗೈ ಹಾಕ್ತಾರೆ. ಉಸ್ತಾದ್ರು ಹಾಕ್ತಿರಲಿಲ್ಲ. ಎಡಗೈ ಮೇಲೆ ಎತ್ತಿ ಬಲಗೈಲಿ ಬರೀ ತಿನ್ ಅಂತ ಇಡ್ತಿದ್ರು. ಖಾಲಿನ ತುಂಬಿಸ್ಬೇಡ್ರೋ, ಅದು ಖಾಲಿ ಇದ್ರೇನೇ ಚೆಂದ ಅನ್ನೋರು."

ಚಿಕ್ಕಮ್ಮನ ಸನ್ನೆಯಂತೆ ನಾನು ಮೆಲ್ಲಗೆ ಆ ಕೊನೆಯ ತುಣುಕನ್ನು ಅಂದೆ: "ತಿನ್ ತಿನ್ ನಾ, ಧಿನ್ ನಾ... ತಿರಕಿಟ ಧಿನ್, ತಿರಕಿಟ ಧಿನ್, ತಿರಕಿಟ ಧಿನ್!"

ಚಾಂದ್ ಬೆರಳಲ್ಲಿ ಸರಳಿನ ಮೇಲೆ ಎಣಿಸುತ್ತಿದ್ದವನು ಥಟ್ಟನೆ ನಿಲ್ಲಿಸಿದ. "ಇದು ನಮ್ಮ ಉಸ್ತಾದ್ರದೇ ತಿಹಾಯಿ. ಒಂದೇ ತುಣುಕು ಮೂರು ಸಲ ಹೇಳಿ ಸಮ್‌ಗೆ ಬೀಳೋದು. ಮೂರನೇ ಮಾತ್ರೆಲಿ ಎತ್ಕೊಳ್ರಿ ಅಂತ ಹೇಳ್ಕೊಟ್ಟಿದ್ರು. ಆದ್ರೆ ಇದು ನಾಲ್ಕಕ್ಕೆ ಬಿತ್ತಲ್ಲ! ಲೆಕ್ಕ ಸರಿ ಐತೆ, ಒಂದು ಎಲ್ಲಿ ಅನ್ನೋದೇ ತಪ್ಪೈತೆ. ಯಾರು ನುಡಿಸಿದ್ದು ಇದು?"

ಚಿಕ್ಕಮ್ಮ ಕೇಳಿದರು: "ಉಸ್ತಾದರು ಉಂಗುರ ಹಾಕ್ತಿದ್ರಾ?"

"ನುಡಿಸೋ ಕೈಗೆ ಉಂಗುರ ಯಾರು ಹಾಕ್ತಾರಮ್ಮಾ? ಚರ್ಮ ಹೋಗ್ತೈತೆ."

"ಶನಿವಾರ ತಬಲಾ ಕೇಳಿಸ್ತಿದ್ದಾಗ ನೀನೆಲ್ಲಿದ್ದೆ?"

"ಮಸೀದಿ ಬಾವೀಲಿ ಅಮ್ಮಿಗೆ ನೀರು ಸೇದ್ತಿದ್ದೆ. ಹೆಂಗಸರು ಬೇಕಾದಷ್ಟು ಜನ ಇದ್ರು. ಆದ್ರೆ ಅದನ್ನ ಯಾರೂ ಕೇಳ್ಲೇ ಇಲ್ವಲ್ಲ."

"ಹೌದು" ಎಂದರು ಚಿಕ್ಕಮ್ಮ. "ಯಾರೂ ಕೇಳ್ಲಿಲ್ಲ."

ಸಂಜೆ ಬಿಸಿಲು ಇರುವಾಗಲೇ ಗನಿಸಾಬರ ಕೋಣೆಯಲ್ಲಿ ನಾವೆಲ್ಲ ಸೇರಿದೆವು. ಬೆಳಗ್ಗೆ ಬಸ್ಸು ಹತ್ತಿಸುವ ಮುಂಚೆ ಒಂದು ಸಲ ಕೋಣೆ ನೋಡಲಿ ಎಂದು ಚಿಕ್ಕಮ್ಮ ಕೇಳಿಕೊಂಡಿದ್ದಕ್ಕೆ ಇನ್ಸ್‌ಪೆಕ್ಟರು ಚಾಂದ್‌ನನ್ನು ಕೈಕೋಳ ಹಾಕಿಯೇ ಕರೆತಂದಿದ್ದರು. ಅವನ ಪಕ್ಕದಲ್ಲಿ ರಹಮತ್‌ಬೀ. ಕಿಟಕಿಯ ಹತ್ತಿರ ಶೌಕತ್ ಅಲಿ. ಗೋಡೆಗೆ ಒರಗಿ ವಿರೂಪಾಕ್ಷಪ್ಪನವರು, ಕೈಯಲ್ಲಿ ಎಲೆಅಡಿಕೆ ಸಂಚಿ. ನಡುವೆ ತಬಲಾ ಜೋಡಿ, ಅದರ ಮುಂದೆ ಖಾಲಿ ಚಾಪೆ. ಚಾಪೆಯ ಮೇಲೆ ಯಾರೂ ಕೂರಲಿಲ್ಲ.

"ಅನ್ನಪೂರ್ಣಮ್ಮಾರೆ, ಬೇಗ ಮುಗಿಸ್ರಿ" ಎಂದರು ಇನ್ಸ್‌ಪೆಕ್ಟರ್. "ಕೇಸು ಬೆಳ್ಳಗೈತೆ."

"ಬೆಳ್ಳಗಿರೋ ಕಡೇನೇ ನೋಡಿದ್ರಿ ಸಾರ್. ತಬಲಾ ನಿಂತ ಮೇಲೆ ಯಾರೆಲ್ಲಿದ್ರು ಅಂತ ಎಲ್ಲರನ್ನೂ ಕೇಳಿದ್ರಿ. ಯಜಮಾನ್ರು ಹೋಟೆಲಲ್ಲಿ ಹತ್ತು ಜನದ ಮುಂದೆ. ಶೌಕತ್ ಒಬ್ಬನೇ ಮಸೀದಿ ದಾರೀಲಿ, ಕಂಡೋರಿಲ್ಲ. ಚಾಂದ್ ಇಲ್ಲಿ, ಸುತ್ತಿಗೆ ಹಿಡ್ಕೊಂಡು. ಆದ್ರೆ ತಬಲಾ ನುಡೀತಿದ್ದಾಗ ಯಾರೆಲ್ಲಿದ್ರು ಅಂತ ಕೇಳಿದ್ರಾ?"

"ಅದನ್ಯಾಕೆ ಕೇಳ್ಬೇಕು? ಆಗ ಸಾಬ್ರು ಬದುಕಿದ್ರು, ನುಡಿಸ್ತಿದ್ರು."

"ನುಡಿಸ್ತಿದ್ದದ್ದು ಅವರೇ ಅಂತ ಹೇಳಿದ್ದು ಯಾರು?"

"ನಿಮ್ಮ ಮಲ್ಲಿಕಾರ್ಜುನಾನೇ!"

"ಅವನು ಕೇಳಿದ್ದು ತಬಲಾನ. ಗೋಡೆ ಆಚೆ ಇದ್ದ ಕೈ ಯಾರದು ಅಂತ ಅವನೇನೂ ನೋಡಿಲ್ಲ. ನಾವೆಲ್ಲ ಆ ಹೊತ್ತು ತುಂಬೈತೆ ಅಂದ್ಕೊಂಡು ಬಿಟ್ಬಿಟ್ವಿ. ಅದು ಖಾಲಿ ಸಾರ್. ಈ ಕೇಸಿನ ಲೆಕ್ಕ ಆ ಖಾಲಿಯಿಂದಲೇ ಶುರುವಾಗ್ಬೇಕು."

ಚಿಕ್ಕಮ್ಮ ಬಗ್ಗಿ ಎಡಗಡೆಯ ತಬಲವನ್ನು, ಆ ಊದಿಕೊಂಡ ತಾಮ್ರದ ಡಗ್ಗವನ್ನು, ಬೆಳಕಿಗೆ ತಿರುಗಿಸಿದರು. ನಡುವಿನ ಕರಿಯ ಶಾಯಿಯ ಬೊಟ್ಟಿನ ಪಕ್ಕದಲ್ಲಿ ಚರ್ಮದ ಮೇಲೆ ಪುಟ್ಟ ಪುಟ್ಟ ಅರ್ಧಚಂದ್ರದಂಥ ಗೀರುಗಳು, ಒಂದರ ಮೇಲೊಂದು.

"ಇದು ಸುತ್ತಿಗೆ ಗುರುತು ಅಂತ ನಿಮ್ಮ ದಫೇದಾರ್ರು ಅಂದ್ರಂತೆ. ಸುತ್ತಿಗೆ ತಬಲದ ಅಂಚಿಗೆ ಬೀಳ್ತೈತೆ, ನಡುವೆ ಬೀಳಂಗಿಲ್ಲ. ಇದು ಉಂಗುರ ಹಾಕಿದ ಕೈ ನುಡಿಸಿದ್ದು. ಮಲ್ಲಿ ಬಾಯಲ್ಲಿ ಪ್ರತಿ ಧಿನ್‌ಗೂ ಒಂದು 'ಟಿಕ್' ಐತೆ, ಅವನಿಗೇ ಗೊತ್ತಿರಲಿಲ್ಲ. ಗನಿಸಾಬರು ಉಂಗುರ ಹಾಕ್ತಿರಲಿಲ್ಲ. ಇನ್ನು ಅವರ ಚಾಳಿ ಒಂದಿತ್ತು: ಇವನು ವಾಹ್ ಅಂದ್ರೆ ಅವರು ಉತ್ತರ ಕೊಡದೆ ಇರ್ತಿರಲಿಲ್ಲ. ಅವತ್ತು ಕೊಡಲಿಲ್ಲ."

ಶೌಕತ್ ಅಲಿ ಮೆಲ್ಲಗೆ ಕೇಳಿದ: "ಹಂಗಾದ್ರೆ ಚಾಚಾ ಆಗಲೇ...?"

"ಆಗಲೇ ಹೋಗಿದ್ರಪ್ಪ. ಅವರ ಪಕ್ಕದಲ್ಲೇ ಕೂತು ಇನ್ನೊಬ್ರು ನುಡಿಸಿದ್ದು. ಆಗ ಚಾಂದ್ ಬಾವಿ ಹತ್ರ ಇದ್ದ, ನಾನು ಆರು ಜನ ಹೆಂಗಸರನ್ನ ಕೇಳ್ಕೊಂಡು ಬಂದೆ. ನೀನು ನಿನ್ನ ಅಂಗಡೀಲಿ ಪೋಸ್ಟ್‌ಮಾಸ್ಟರ ಕೋಟಿಗೆ ಅಳತೆ ತಗೋತಿದ್ದೆ. ಹಿಂದಿನ ಬಾಗಿಲಿಂದ ಸಂದಿ ಸುತ್ತಿ ಬಂದ್ರೆ ಎದುರಿಗೇ ಹೋಟೆಲು. ನುಡಿಸಿ ಮುಗಿಸಿ ಎದ್ದು ಹೋಗಿ ಕಾಪಿ ಹೇಳೋದು ಕಷ್ಟ ಅಲ್ಲ."

ವಿರೂಪಾಕ್ಷಪ್ಪನವರು ನಕ್ಕರು. "ನನ್ನ ಕಡೆ ನೋಡ್ತಾ ಹೇಳ್ತೀರಲ್ರೀ ಮೇಡಮ್ಮು. ನಾನು ಬಸ್ಸಿಂದ ಇಳಿದು ಸೀದಾ ಹೋಟೆಲಿಗೆ ಹೋದೋನು. ಉಂಗುರ ಊರಾಗೆ ನನಗೊಬ್ಬನಿಗೇ ಐತಾ?"

"ಯಾವ ಬಸ್ಸು ಯಜಮಾನ್ರೇ? ಶನಿವಾರ ತ್ಯಾವಣಿಗೆ ಕಡೆ ಬಸ್ಸು ಬಂದಿದ್ದು ಚಾಂದ್‌ನ ಠಾಣೆಗೆ ಕರ್ಕೊಂಡು ಹೋಗುವಾಗ. ಇನ್ಸ್‌ಪೆಕ್ಟರ್ ಸಾಹೇಬ್ರೇ ಪಕ್ಕಕ್ಕೆ ನಿಂತು ದಾರಿ ಬಿಟ್ರಲ್ಲ. ದಿನಾ ಬರೋ ಹೊತ್ತಿಗೆ ಬಂದಿರ್ತೈತೆ ಅಂದ್ಕೊಂಡು ಹೇಳಿದ್ರಿ ನೀವು."

ಇನ್ಸ್‌ಪೆಕ್ಟರ ಕೈ ತಾನಾಗಿ ಮೀಸೆಗೆ ಹೋಯಿತು. ಬಸ್ಸಿನ ಹೊಗೆ ಅವರ ಮುಖಕ್ಕೇ ಬಡಿದಿತ್ತು.

"ಎಲ್ಲಿಂದ ಬಂದ್ರೆ ಏನ್ರೀ?" ವಿರೂಪಾಕ್ಷಪ್ಪನವರ ದನಿ ಏರಲಿಲ್ಲ. "ಗಾಡೀಲಿ ಬಂದಿದ್ದೆ, ಮರ್ತಿದ್ದೆ. ಬಾಯಲ್ಲಿ ತಬಲಾ ಬಾರ್ಸೋ ಮೇಷ್ಟ್ರು ಮಾತಿಗೆ ನನ್ನನ್ನ ಕೊಲೆಗಾರ ಅಂತೀರಾ?"

"ಅನ್ನಲ್ಲ. ಅವನು ಇನ್ನೊಂದು ಸಲ ಬಾರಿಸ್ಲಿ. ಮಲ್ಲಿ, ಶುರು ಮಾಡು. ಕೊನೇ ಪೆಟ್ಟು ಮಾತ್ರ ನುಂಗು."

ನಾನು ಕಣ್ಣು ಮುಚ್ಚಲಿಲ್ಲ. ಚಾಪೆಯನ್ನು ನೋಡುತ್ತಾ ಶುರು ಮಾಡಿದೆ. ಧಿನ್ ನಾ ಧಿನ್ ನಾ ತಿನ್ ತಿನ್ ನಾ. ಒಂದು ಸುತ್ತು, ಇನ್ನೊಂದು ಸುತ್ತು. ಕೈಕೋಳದಲ್ಲಿದ್ದ ಚಾಂದ್‌ನ ಬೆರಳುಗಳು ಎಣಿಸತೊಡಗಿದವು. ಕಿಟಕಿಯ ಬಳಿ ಶೌಕತ್‌ನ ಅಂಗೈ ತೊಡೆಯ ಮೇಲೆ ಮೆತ್ತಗೆ ಆಡಿತು. ನಾನು ವೇಗ ಹೆಚ್ಚಿಸಿದೆ. "ಧಿನ್ ನಾ... ತಿರಕಿಟ ಧಿನ್... ತಿರಕಿಟ ಧಿನ್... ತಿರಕಿಟ..."

ನಿಲ್ಲಿಸಿದೆ.

ಚಾಂದ್‌ನ ಕೈ ಆಡಲಿಲ್ಲ. ಅವನ ಲೆಕ್ಕದಲ್ಲಿ ಅಲ್ಲಿ ಮುಗಿಯುವಂಥದ್ದೇನೂ ಇರಲಿಲ್ಲ. ಶೌಕತ್ ಹುಬ್ಬು ಗಂಟಿಕ್ಕಿದ. ಆ ಮೌನದಲ್ಲಿ ಒಂದು ಎಡಗೈ ಎಲೆಅಡಿಕೆ ಸಂಚಿಯ ಮೇಲೆ ದಪ್ಪನೆ ಬಿತ್ತು. ಒಳಗಿದ್ದ ಸುಣ್ಣದ ಡಬ್ಬಿಗೆ ಉಂಗುರ ತಾಗಿ 'ಟಿಕ್' ಎಂದಿತು.

ವಿರೂಪಾಕ್ಷಪ್ಪನವರು ತಮ್ಮ ಕೈಯನ್ನು ತಾವೇ ನೋಡಿದರು, ಬೇರೆ ಯಾರದೋ ಕೈ ಅಲ್ಲಿ ಬಂದು ಕೂತಿದೆ ಎನ್ನುವ ಹಾಗೆ.

"ಉಸ್ತಾದರು ಹೇಳ್ಕೊಟ್ಟ ತಿಹಾಯಿ" ಎಂದರು ಚಿಕ್ಕಮ್ಮ. "ಮೂರನೇ ಮಾತ್ರೆಲಿ ಎತ್ಕೊಳ್ರಿ ಅಂದಿದ್ರು. ಎತ್ಕೊಂಡ್ರಿ. ಆದ್ರೆ ಸದ್ದಿರೋ ಜಾಗದಿಂದ ಒಂದು ಅಂತ ಎಣಿಸಿದ್ರಿ, ಭಜನೆ ಮದ್ದಳೆ ಮೇಲೆ ಎಣಿಸಿದ ಹಂಗೆ. ಚಾಂದ್ ಆಗ್ಲಿ ಶೌಕತ್ ಆಗ್ಲಿ ಬೇಕಂದ್ರೂ ಆ ತಪ್ಪು ಮಾಡಂಗಿಲ್ಲ. ನಮ್ಮ ಮಲ್ಲಿಯಂಥೋರು ಮಾಡ್ತಾರೆ, ಆದ್ರೆ ಅವರಿಗೆ ನುಡಿಸಾಕೆ ಬರಂಗಿಲ್ಲ. ನುಡಿಸಾಕೂ ಬಂದು, ಒಂದು ಎಲ್ಲಿ ಅಂತ ತಿಳಿಯದೋರು ಈ ಊರಾಗೆ ಒಬ್ರೇ. ಮಲ್ಲಿ, ನಿನ್ನ ಭುಜ ತೋರ್ಸು."

ಅಂಗಿಯ ಗುಂಡಿ ಬಿಚ್ಚಿದೆ. ಗುರುತು ಹಳದಿಗೆ ತಿರುಗಿತ್ತು. ಪುಟ್ಟ ಅರ್ಧಚಂದ್ರ. ಇನ್ಸ್‌ಪೆಕ್ಟರು ಅದನ್ನು ನೋಡಿದರು, ಡಗ್ಗ ನೋಡಿದರು, ಕೈ ಚಾಚಿದರು. ವಿರೂಪಾಕ್ಷಪ್ಪನವರು ಉಂಗುರವನ್ನು ತೆಗೆದು ಕೊಟ್ಟರು. ಒಂದು ಕಡೆ ಎದ್ದಿದ್ದ ಅಂಚು ಚರ್ಮದ ಮೇಲಿನ ಗೀರಿನಲ್ಲಿ ಸರಿಯಾಗಿ ಕೂತಿತು.

ಅವರು ಗೋಡೆಗೆ ಒರಗಿಯೇ ಕುಸಿದು ಕೂತರು. ಮಾತು ಬಂದಾಗ ಅದರಲ್ಲಿ ಏರಿಳಿತವೇ ಇರಲಿಲ್ಲ.

"ಹುಬ್ಬಳ್ಳಿಯಿಂದ ಗವಾಯಿಗಳು ಬರ್ತಾರೆ ನ್ಯಾಮತಿಗೆ. ತಬಲಾಕ್ಕೆ ನಾನೇ ಕೂರ್ತೀನಿ ಅಂತ ಹೊನ್ನಾಳಿವರೆಗೂ ಹೇಳ್ಕೊಂಡು ಬಂದಿದ್ದೆ. ಸಾಬ್ರು ಒಂದು ಮಾತು ಹೂಂ ಅಂದಿದ್ರೆ ಆಗಿತ್ತು. ಅವರ ಮುಂದ್ಗಡೆ ಕೂತು ತೊಡೆ ಮೇಲೇ ಬಾರಿಸಿ ತೋರಿಸ್ದೆ. ನಕ್ಕರು. ಒಂದು ಎಲ್ಲೈತೆ ಅಂತ ಗೊತ್ತಾಗೋವರ್ಗೂ ಎಲ್ಲೂ ಕೂರಬ್ಯಾಡ್ರಿ ಯಜಮಾನ್ರೇ, ನಾನೇ ಗವಾಯಿಗಳಿಗೆ ಹೇಳ್ಕಳಿಸ್ತೀನಿ ಅಂದ್ರು. ಅಂದು ಬಗ್ಗಿದ್ರು, ಶ್ರುತಿ ನೋಡಾಕೆ. ಸುತ್ತಿಗೆ ಅಲ್ಲೇ ಇತ್ತು."

"ಆಮೇಲೆ?" ಎಂದರು ಇನ್ಸ್‌ಪೆಕ್ಟರ್.

"ಗೋಡೆ ಆಚೆ ಮೇಷ್ಟ್ರು ಕೆಮ್ಮಿದ್ರು. ಕೇಳ್ತಾ ಕೂತವ್ರೆ ಅಂತ ಗೊತ್ತಾಯ್ತು. ಸಾಬ್ರು ಬದುಕವ್ರೆ ಅನ್ನೋ ಹಂಗೆ ನುಡಿಸ್ಬೇಕು ಅನ್ನಿಸ್ತು. ನುಡಿಸ್ದೆ. ಕೈ ನಂದಲ್ಲ ಅನ್ನೋ ಹಂಗಿತ್ತು, ಚೆನ್ನಾಗೇ ನುಡೀತು. ಮುಗಿಸಿದ್ನೋ ಇಲ್ವೋ..." ಅವರು ನನ್ನ ಕಡೆ ತಿರುಗಿದರು. "ಸತ್ತೋರು ಮಾತಾಡಿದ್ರು, ಮೇಷ್ಟ್ರೇ. ನನ್ನ ಪಕ್ಕದಾಗೆ ಬಿದ್ದಿದ್ರು, ಗೋಡೇಲಿಂದ ಅವರ ದನಿ ಬಂತು. ವಾಹ್ ಉಸ್ತಾದ್ ಅಂತ. ನನಗೇ ಅಂದ್ರು. ಆಗಲೂ ನನಗೇನೂ ಅನ್ನಿಸ್ಲಿಲ್ಲ. ಎದ್ದು ಹೋಗಿ ಕಾಪಿ ಹೇಳ್ದೆ."

ಇನ್ಸ್‌ಪೆಕ್ಟರು ಚಾಂದ್‌ನ ಕೈಕೋಳ ಬಿಚ್ಚಿದರು. ರಹಮತ್‌ಬೀ ಮಗನ ಎರಡೂ ಕೈಗಳನ್ನು ತೆಗೆದುಕೊಂಡು, ಕೆಂಪಾಗಿದ್ದ ಮಣಿಕಟ್ಟನ್ನು ತಮ್ಮ ಸೆರಗಿನಿಂದ ಒರೆಸುತ್ತಲೇ ಇದ್ದರು.

ಆಮೇಲೆ ವಿರೂಪಾಕ್ಷಪ್ಪನವರು ಶಿವಮೊಗ್ಗದ ಬಸ್ಸು ಹತ್ತಿದ್ದು, ಊರು ನೋಡಲು ನೆರೆದದ್ದು, ಇವೆಲ್ಲ ನಾನು ಕಂಡದ್ದೇ. ಆದರೆ ನನಗೆ ನೆನಪಿರುವುದು ಕಡಿಮೆ. ಜನ ಚಿಕ್ಕಮ್ಮನನ್ನು ಹೊಗಳಲು ಮನೆಗೆ ಬಂದರು. ಚಿಕ್ಕಮ್ಮ ಅವರಿಗೆಲ್ಲ ಮಜ್ಜಿಗೆ ಕೊಟ್ಟು ಕಳಿಸಿದರು. "ಏನಾದ್ರೂ ನಕಲು ಮಾಡ್ರಿ ಮೇಷ್ಟ್ರೇ" ಎಂದು ಹುಡುಗರು ಶಾಲೆಯಲ್ಲಿ ಪೀಡಿಸಿದರು. ಬಾಯಿ ತೆರೆದರೆ ಒಂದೇ ದನಿ ಬರುತ್ತದೆ ಎಂದು ಗೊತ್ತಿತ್ತು. ತೆರೆಯಲಿಲ್ಲ.

ಶೌಕತ್ ಅಲಿ ಚಿಕ್ಕಪ್ಪನ ತಬಲಾ ಜೋಡಿಯನ್ನು ಚಾಂದ್‌ಗೇ ಕೊಟ್ಟ. "ಹಾರ್ಮೋನಿಯಂನೋನಿಗೆ ಇದ್ಯಾಕೆ?" ಎಂದನಂತೆ. ಡಗ್ಗಕ್ಕೆ ಹೊಸ ಚರ್ಮ ಹಾಕಿಸಿದರು. ಚಾಂದ್ ಹುಬ್ಬಳ್ಳಿಗೆ ಹೋಗಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ. ಒಂದು ಮಧ್ಯಾಹ್ನ ನಾನು ಹಿತ್ತಿಲಲ್ಲಿ ಕೂತಿದ್ದೆ. ಚಿಕ್ಕಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದರು. ಗೋಡೆಯ ಆಚೆ ತಬಲಾ ಶುರುವಾಯಿತು.

ತಿನ್ ತಿನ್ ನಾ, ಧಿನ್ ನಾ, ಧಿನ್ ನಾ. ನಾನು ಮೊದಲ ಸಲ ಎಣಿಸಿಕೊಂಡು ಕೇಳಿದೆ. ಸದ್ದಿನ ಜಾಗ ಬಂದಾಗಲೆಲ್ಲ ತೊಡೆಯತ್ತ ಹೋಗುತ್ತಿದ್ದ ಕೈಯನ್ನು ತಡೆದೆ. ಚಿಕ್ಕಮ್ಮ ಓರೆಗಣ್ಣಿನಲ್ಲಿ ನೋಡುತ್ತಿದ್ದರು, ಅವರ ಹುಣಸೆಯ ಕೈಯೂ ಆಗಾಗ ಗಾಳಿಯಲ್ಲಿ ಬೀಸುತ್ತಿತ್ತು. ಕೊನೆಗೆ ಅದು ಬಂತು. ತಿನ್ ತಿನ್... ತಿರಕಿಟ ಧಿನ್, ತಿರಕಿಟ ಧಿನ್, ತಿರಕಿಟ...

ತಿನ್.

ಅಷ್ಟೇ. ಬಲಗೈ ಮಾತ್ರ. ಎಡಗೈ ಮೇಲೆ ಎತ್ತಿದೆ ಎಂದು ಗೋಡೆಯ ಈ ಕಡೆಯೂ ಗೊತ್ತಾಯಿತು.

"ವಾಹ್" ಎಂದೆ. ಗೊಗ್ಗರು ದನಿಯಲ್ಲಿ ಅಲ್ಲ. ಬಂದದ್ದು ನನ್ನದೇ ದನಿ. ಅದು ಅಷ್ಟು ತೆಳ್ಳಗಿದೆ ಎಂದು ನನಗೆ ಗೊತ್ತಿರಲಿಲ್ಲ.

ನಾನು ಗನಿಸಾಬರ ಆ ಹಳೆಯ ಮಾತಿಗೆ ಕಾಯುತ್ತಿದ್ದೆ, ಬರುವುದಿಲ್ಲ ಎಂದು ಗೊತ್ತಿದ್ದೂ.

"ಮೇಷ್ಟ್ರೇ," ಎಂದ ಚಾಂದ್ ಕೊನೆಗೆ, "ಈ ಸಲ ಸರಿಯಾದ ಜಾಗಕ್ಕೆ ಅಂದ್ರಿ."

ಚಿಕ್ಕಮ್ಮ ಹುಣಸೆ ಬೀಜ ಆರಿಸಿ ಪಕ್ಕಕ್ಕಿಟ್ಟರು. ನಾನು ಅಳುತ್ತೇನೆ ಎಂದುಕೊಂಡೆ. ಅಳು ಬರಲಿಲ್ಲ. ಗಾಳಿಯಲ್ಲಿ ಬೀಸಿದ ನನ್ನ ಕೈ ಇನ್ನೂ ಹಾಗೆಯೇ ಮೇಲಿತ್ತು.